ಯಂತ್ರ ಕುಂಯ್ ಎಂದ ಕೂಡಲೇ ಅಗೆಯಬೇಡಿ

ಬೇಸಿಗೆ ರಜೆಗೆ ಊರಿಗೆ ಬರುವವರ ಕಾರಿನ ಡಿಕ್ಕಿಯಲ್ಲಿ ಮೊದಲೆಲ್ಲ ಕ್ರಿಕೆಟ್ ಬ್ಯಾಟು ಇರುತ್ತಿತ್ತು. ಈಗ ಕೆಲವರು ಮೆಟಲ್ ಡಿಟೆಕ್ಟರ್ ತರುತ್ತಾರೆ. ಉದ್ದನೆಯ ಕೋಲು, ತುದಿಗೊಂದು ದುಂಡು ತಟ್ಟೆ, ಕಿವಿಗೆ ಹೆಡ್‌ಫೋನು. ಸಖರಾಯಪಟ್ಟಣದ ಸುತ್ತಮುತ್ತ ಮುತ್ತಜ್ಜನ ಕಾಲದ ಹಾಳು ಮನೆ, ಬಿದ್ದ ಹಿತ್ತಲು ಇರುವ ನಿಮಗೆ ಅದನ್ನು ಹಿಡಿದು ಓಡಾಡುವ ಆಸೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಹಿರಿಯರು ಓಡಾಡಿದ ಜಗಲಿಯ ಬುಡದಲ್ಲಿ ಅವರ ಕೈಯಿಂದ ಜಾರಿದ ಒಂದು ಕಾಲಾಣೆ ಸಿಕ್ಕೀತು ಎಂಬ ಆಸೆ ಒಳ್ಳೆಯದೇ. ನಾನೇನೂ ಬೇಡ ಎನ್ನುವುದಿಲ್ಲ. ಆದರೆ ನೀವು ಅದಕ್ಕೆ ಕೈಹಾಕುವ ರೀತಿ ನೋಡಿದರೆ ನಾಲ್ಕು ಮಾತು ಹೇಳದೆ ಇರಲಾಗುವುದಿಲ್ಲ.

ಮೊದಲನೆಯದು, ಜಾಗ ಯಾರದು? "ನಮ್ಮದೇ ಮನೆ" ಎಂದು ಎದೆ ತಟ್ಟಿಕೊಳ್ಳಬೇಡಿ. ಹಾಳು ಮನೆಗೆ ವಾರಸುದಾರರು ಎಷ್ಟು ಜನ ಎಂದು ಪಹಣಿ, ಖಾತೆ ತೆಗೆಸಿ ನೋಡಿದರೆ ತಲೆ ತಿರುಗುತ್ತದೆ. ದೊಡ್ಡಪ್ಪನ ಮಕ್ಕಳು, ಅತ್ತೆಯ ಮಕ್ಕಳು, ಎಂದೋ ಪಾಲು ತೆಗೆದುಕೊಂಡು ಶಿವಮೊಗ್ಗಕ್ಕೆ ಹೋದವರು, ಎಲ್ಲರ ಹೆಸರೂ ಅಲ್ಲಿರಬಹುದು. ಒಂದು ಮಾತು ಕೇಳಿದರೆ ಯಾರೂ ಬೇಡ ಎನ್ನುವುದಿಲ್ಲ. ಕೇಳದೆ ಅಗೆದರೆ, ಬರೀ ತುಕ್ಕು ಮೊಳೆ ಸಿಕ್ಕಿದ್ದರೂ, ಕೊಡ ತುಂಬ ವರಹ ಸಿಕ್ಕಿತಂತೆ ಎಂಬ ಸುದ್ದಿ ಮುಂದಿನ ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸಲ್ಪಡುತ್ತದೆ. ಆಮೇಲೆ ಯಾರು ನಂಬುತ್ತಾರೆ ನಿಮ್ಮನ್ನು?

ಇನ್ನು ಇಡೀ ಊರೇ ಎದ್ದು ಹೋದ ಜಾಗಗಳು. ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡದ್ದು, ಕೆಲವರು ಹಳೆಯ ಊರಿಗೆ ಮರಳದೇ ಹೋದದ್ದು ನಮ್ಮ ಸೀಮೆಗೆ ಹೊಸದಲ್ಲ. ಕಂದಾಯದ ದಾಖಲೆಯಲ್ಲಿ 'ಬೇಚಿರಾಕ್' ಎಂದು ಬರೆದಿರುವ ಹಾಳೂರು ಯಾರದೂ ಅಲ್ಲದ ಜಾಗ ಎಂದು ತಿಳಿಯಬೇಡಿ. ಗೋಮಾಳ, ಗ್ರಾಮಠಾಣ, ಅಮೃತಮಹಲ್ ಕಾವಲು, ಕಾಡು, ಇವುಗಳಲ್ಲಿ ಯಂತ್ರ ಹಿಡಿದು ಅಡ್ಡಾಡಲು ನಿಮಗೆ ಹಕ್ಕಿಲ್ಲ. ಅಯ್ಯನಕೆರೆಯ ಅಂಗಳಕ್ಕಂತೂ ಇಳಿಯಲೇಬೇಡಿ. ರುಕ್ಮಾಂಗದ ರಾಯ ಕಟ್ಟಿಸಿದ ಎಂದು ಊರು ಹೇಳುವ, 1156ರಲ್ಲಿ ಹೊಯ್ಸಳರ ಕಾಲಕ್ಕೆ ದುರಸ್ತಿಯಾದ ಕೆರೆ ಅದು. ನೀರು ತಗ್ಗಿದ ವರ್ಷ ಅಲ್ಲಿ ಗುದ್ದಲಿ ಹಿಡಿದು ಏರಿಯ ಬುಡ ಕೆದಕುವವರಿಗೆ, ಕೆಳಗಿನ ಗದ್ದೆ ತೋಟಗಳು ಅದೇ ನೀರನ್ನು ನಂಬಿವೆ ಎಂಬ ನೆನಪಾದರೂ ಇರಬೇಕು. ರಂಗನಾಥಸ್ವಾಮಿ ಗುಡಿಯ ಪ್ರಾಕಾರ, ವೀರಗಲ್ಲು, ಮಾಸ್ತಿಗಲ್ಲು, ನಾಗರ ಕಟ್ಟೆ, ಯಾರದೋ ಗದ್ದುಗೆ ಸಮಾಧಿ, ಇವುಗಳ ಹತ್ತಿರ ತಟ್ಟೆ ಆಡಿಸುವ ಮಾತೇ ಬೇಡ. ಅಮೃತಾಪುರ, ಬೆಳವಾಡಿಯಂಥ ಕೇಂದ್ರ ಸರ್ಕಾರದ ಸಂರಕ್ಷಿತ ಗುಡಿಗಳ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಗೆ ಮತ್ತೆ 200 ಮೀಟರು ನಿಯಂತ್ರಿತ ಪ್ರದೇಶ. ನೀಲಿ ಫಲಕ ಕಾಣದಿದ್ದರೆ ಅಗೆಯಬಹುದು ಎಂದು ಅರ್ಥವಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆ ಎನ್ನುತ್ತೀರಾ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಯ ಆಸೆಗೆ ಒಂದೇ ರಾತ್ರಿಯಲ್ಲಿ ಕೆಡವಿ ಹಾಕಿದರಲ್ಲ, ನೆನಪಿದೆಯೇ? ಭಕ್ತರು ಕೂಡಿ ಅದನ್ನು ಮತ್ತೆ ಕಟ್ಟಿದರು, ನಿಜ. ಆದರೆ ಹೆಸರಿಲ್ಲದ ಹಳ್ಳಿಗಳಲ್ಲಿ ಲಿಂಗದ ಪೀಠ ಕಿತ್ತು, ನಂದಿಯ ಹೊಟ್ಟೆ ಒಡೆದು ಹೋದ ಗುಡಿಗಳನ್ನು ಯಾರು ಕಟ್ಟಿಕೊಡುತ್ತಾರೆ? ಅಂಥ ನಿಧಿಗಳ್ಳರಿಂದ ಬೇಸತ್ತ ಊರಿಗೆ ನೀವು ಹೋಗುತ್ತಿದ್ದೀರಿ ಎಂಬುದನ್ನು ಮರೆಯಬೇಡಿ. ಕತ್ತಲಾದ ಮೇಲೆ ಹಣೆಗೆ ಟಾರ್ಚು ಕಟ್ಟಿಕೊಂಡು ಹಾಳು ಮನೆಯಲ್ಲಿ ಕೂತರೆ ಊರವರು ಹಿಡಿದು ಕಂಬಕ್ಕೆ ಕಟ್ಟುತ್ತಾರೆ, ತಪ್ಪು ಅವರದಲ್ಲ. ಹಗಲು ಹೊತ್ತಿನಲ್ಲಿ ಹೋಗಿ. ಪಕ್ಕದ ಹೊಲದವರಿಗೆ ಹೇಳಿ, ಪಂಚಾಯಿತಿ ಸದಸ್ಯರ ಕಿವಿಗೆ ಹಾಕಿ, ಮನೆತನದ ಒಬ್ಬ ಹಿರಿಯರನ್ನು ಜೊತೆಗೆ ಕೂರಿಸಿಕೊಳ್ಳಿ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಗುಟ್ಟು ಹೇಗೂ ಉಳಿಯುವುದಿಲ್ಲ, ನೀವೇ ಹೇಳಿಬಿಟ್ಟರೆ ಮರ್ಯಾದೆಯಾದರೂ ಉಳಿಯುತ್ತದೆ.

ಕಾನೂನಿನ ಮಾತು ಬೇಸರ ತರುತ್ತದೆ, ಆದರೂ ಕೇಳಿ. ಬ್ರಿಟಿಷರು 1878ರಲ್ಲಿ ನಿಧಿ ಕಾಯ್ದೆ ಮಾಡಿದರು. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಹತ್ತು ರೂಪಾಯಿಗೆ ಮೀರಿದ್ದರೆ ಕಲೆಕ್ಟರಿಗೆ ಬರಹದಲ್ಲಿ ತಿಳಿಸಬೇಕು, ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆ ಎಂದು ಅದರಲ್ಲಿದೆ. ಆಗಿನ ಹತ್ತು ರೂಪಾಯಿ ಎಂದರೆ ಹತ್ತು ಬೆಳ್ಳಿ ನಾಣ್ಯ, ಈಗ ಒಂದು ಲೋಟ ಕಾಫಿಗೂ ಸಾಲದು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆಯೂ ಇದೆ. ನೀವು ನೆನಪಿಡಬೇಕಾದದ್ದು ಇಷ್ಟೆ: ನೆಲದಡಿಯ ನಿಧಿ ಸಿಕ್ಕಿದವರದ್ದಲ್ಲ, ಜಿಲ್ಲಾಡಳಿತಕ್ಕೆ ತಿಳಿಸಬೇಕು. ಮತ್ತೆ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ವಿಗ್ರಹ, ಲೋಹದ ಕೆಲಸಗಳೆಲ್ಲ ಪುರಾವಸ್ತುಗಳೇ. ಅವುಗಳನ್ನು ಪರವಾನಗಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ, ದೇಶದಾಚೆಗೆ ಒಯ್ಯುವಂತಿಲ್ಲ. ಅಮೆರಿಕದಿಂದ ಬಂದ ನಮ್ಮ ಮಕ್ಕಳು "ಅಜ್ಜಿ ಮನೆಯ ನೆನಪಿಗೆ" ಎಂದು ಸೂಟ್‌ಕೇಸಿನ ಸಂದಿಗೆ ಹಾಕಿಕೊಳ್ಳುತ್ತಾರಲ್ಲ, ವಿಮಾನ ನಿಲ್ದಾಣದಲ್ಲಿ ಆ ನೆನಪು ಬಹಳ ದುಬಾರಿಯಾಗುತ್ತದೆ.

ನೀವು ಮೊಬೈಲಿನಲ್ಲಿ ನೋಡುವ ಇಂಗ್ಲೆಂಡಿನ ವಿಡಿಯೊಗಳ ವಿಷಯವೂ ಹೇಳಬೇಕು. ಅಲ್ಲಿ 2009ರಲ್ಲಿ ಸ್ಟಾಫರ್ಡ್‌ಶೈರಿನ ಹೊಲವೊಂದರಲ್ಲಿ ಡಿಟೆಕ್ಟರ್ ಹಿಡಿದವನಿಗೆ ಆಂಗ್ಲೋ-ಸ್ಯಾಕ್ಸನ್ ಕಾಲದ ಚಿನ್ನದ ರಾಶಿಯೇ ಸಿಕ್ಕಿತು. ಸುಮಾರು 33 ಲಕ್ಷ ಪೌಂಡು ಬೆಲೆ ಕಟ್ಟಿ, ಹುಡುಕಿದವನಿಗೂ ಹೊಲದವನಿಗೂ ಹಂಚಿದರು. ಅದನ್ನು ನೋಡಿ ನಿಮಗೆ ಬಾಯಲ್ಲಿ ನೀರು. ಆತ ರೈತನ ಒಪ್ಪಿಗೆ ಪಡೆದೇ ಹೊಲಕ್ಕೆ ಇಳಿದಿದ್ದ, ಸಿಕ್ಕಿದ್ದನ್ನು ಅಧಿಕಾರಿಗೆ ತಿಳಿಸಿದ್ದ ಎಂಬ ಭಾಗ ಬಂದಾಗ ಮಾತ್ರ ವಿಡಿಯೊ ಮುಂದಕ್ಕೆ ಓಡಿಸುತ್ತೀರಿ. ಅಲ್ಲಿಯ ಕಾನೂನು ಅಲ್ಲಿಗೆ. ಇಲ್ಲಿ ಹಾಸಿಗೆ ಇದ್ದಷ್ಟು ಕಾಲು ಚಾಚಿ.

ಯಂತ್ರ ಕೊಳ್ಳುವಾಗಲೂ ಬುದ್ಧಿ ಕೈಯಲ್ಲಿರಲಿ. ತಟ್ಟೆಯೊಳಗಿನ ತಂತಿಸುರುಳಿ ನೆಲಕ್ಕೆ ಕಾಂತಕ್ಷೇತ್ರ ಬಿಡುತ್ತದೆ, ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಸುಳಿ ಎದ್ದು ಮರುಸದ್ದು ಕೊಡುತ್ತದೆ. ಕಾಸಿನ ಗಾತ್ರದ ವಸ್ತು ಒಂದು ಗೇಣು ಆಳದಲ್ಲಿದ್ದರೆ ಕೇಳಿಸೀತು, ಅದಕ್ಕಿಂತ ಆಳಕ್ಕೆ ಸಾಮಾನ್ಯ ಯಂತ್ರಕ್ಕೆ ಕಿವಿಯಿಲ್ಲ. "ನೂರು ಮೀಟರಿನಿಂದಲೇ ಬಂಗಾರ ತೋರಿಸುತ್ತದೆ" ಎಂದು ಎರಡು ಕಡ್ಡಿ ತಿರುಗಿಸುವ ಸಾಧನ ಮಾರುವವರು ಬಂದರೆ ಬಾಗಿಲಿನಿಂದಲೇ ಕಳಿಸಿ. ಇಂಥದ್ದೇ ಕಡ್ಡಿಯನ್ನು ಬಾಂಬ್ ಪತ್ತೆ ಯಂತ್ರ ಎಂದು ಇರಾಕಿಗೆ ಮಾರಿದ ಜೇಮ್ಸ್ ಮೆಕಾರ್ಮಿಕ್ ಎಂಬ ಬ್ರಿಟಿಷ್ ವ್ಯಾಪಾರಿಗೆ 2013ರಲ್ಲಿ ಹತ್ತು ವರ್ಷ ಜೈಲಾಯಿತು. ದೊಡ್ಡ ದೊಡ್ಡ ಅಧಿಕಾರಿಗಳೇ ಮೋಸಹೋದ ಮೇಲೆ ನಮ್ಮಂಥವರ ಪಾಡೇನು?

ನಮ್ಮ ನೆಲಕ್ಕೆ ಇನ್ನೊಂದು ತೊಡಕಿದೆ. ಬಾಬಾಬುಡನ್ ಬೆಟ್ಟದ ಸಾಲಿನಲ್ಲಿ ಕಬ್ಬಿಣದ ಅದಿರು ತುಂಬಿದೆ, ಕೆಮ್ಮಣ್ಣುಗುಂಡಿಯಿಂದ ಭದ್ರಾವತಿ ಕಾರ್ಖಾನೆಗೆ ಹೋದದ್ದು ಅದೇ. ಬೆಟ್ಟದಿಂದ ಇಳಿದ ಕೆಂಪು ಮಣ್ಣೂ ಕರಿ ಮರಳೂ ಯಂತ್ರವನ್ನು ಸುಮ್ಮನೆ ಕಿರುಚಿಸುತ್ತವೆ. ಹೊಸಬರು ಪ್ರತಿ ಕಿರುಚಿಗೂ ಗುದ್ದಲಿ ಹಾಕಿ ಅಂಗಳವನ್ನು ಹಂದಿ ಉತ್ತ ಗದ್ದೆ ಮಾಡಿಬಿಡುತ್ತಾರೆ. ಮೊದಲು ಆ ಜಾಗದ ಮಣ್ಣಿಗೆ ಯಂತ್ರವನ್ನು ಹೊಂದಿಸಿಕೊಳ್ಳಿ. ಮನೆ ಹಿತ್ತಲಲ್ಲೇ ಒಂದು ಹಳೆ ಕಾಸು, ಒಂದು ಮೊಳೆ, ಒಂದು ಬಾಟಲಿ ಮುಚ್ಚಳ ಹೂತು ಯಾವುದಕ್ಕೆ ಎಂಥ ಸದ್ದು ಎಂದು ಕಿವಿ ಪಳಗಿಸಿಕೊಳ್ಳಿ. ಒಂದೇ ಜಾಗದಲ್ಲಿ ನಾಲ್ಕೂ ದಿಕ್ಕಿನಿಂದ ಆಡಿಸಿದರೂ ಸದ್ದು ಒಂದೇ ಸಮ ಬಂದರೆ ಮಾತ್ರ ಕೂರಿ. ಪಂಪ್‌ಸೆಟ್ಟಿನ ಕೇಬಲ್ಲು ಎಲ್ಲಿ ಹಾದಿದೆ ಎಂದು ಕೇಳಿಕೊಂಡು ಕೂರಿ.

ಸಿಗುವುದೇನು ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಖ ಸಣ್ಣ ಮಾಡಿಕೊಳ್ಳಬೇಡಿ. ಎತ್ತಿನ ಲಾಳ, ಗಾಡಿಯ ಕಡಾಣಿ, ಕುಡುಗೋಲಿನ ಮುರುಕು, ಬೀಗದ ಎಸಳು, ಮಾತ್ರೆಯ ಹಾಳೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಊರು ಬಿಟ್ಟವರು ಹೂತಿಟ್ಟ ಗಡಿಗೆಯನ್ನು ಮರೆತು ಹೋಗುವಷ್ಟು ದಡ್ಡರಾಗಿರಲಿಲ್ಲ, ಸೊಂಟಕ್ಕೆ ಕಟ್ಟಿಕೊಂಡೇ ಹೋದರು. ಉಳಿದದ್ದು ಜಾರಿಬಿದ್ದದ್ದು ಮಾತ್ರ. ಅದು ಬೀಳುವ ಜಾಗವೂ ಗೊತ್ತಿರುವುದೇ. ಜಗಲಿಯ ಅಂಚು, ಬಚ್ಚಲ ನೀರು ಹೊರಬೀಳುವ ಮೋರಿ, ಬಾವಿಗೆ ಹೋಗುವ ದಾರಿ, ಕೊಟ್ಟಿಗೆಯ ಮೂಲೆ, ಹಳೆಯ ತಿಪ್ಪೆ. ಗುದ್ದಲಿಪೂಜೆಯ ದಿನ ಪಾಯದಲ್ಲಿ, ಹೊಸಿಲ ಕೆಳಗೆ ನವಧಾನ್ಯದ ಜೊತೆ ಕಾಸು ಇಟ್ಟಿರುತ್ತಾರೆ. ಅದು ಜಾರಿದ್ದಲ್ಲ, ಮನೆಗೆ ಕೊಟ್ಟದ್ದು, ಅದನ್ನು ಮಾತ್ರ ಎಬ್ಬಿಸಬೇಡಿ ಎಂದು ನನ್ನ ಮಾತು. ಕಾನೂನು ಹೇಳದಿದ್ದರೂ ನಾನು ಹೇಳುತ್ತೇನೆ.

ಸಿಕ್ಕ ಕಾಸು ಓದಲು ಕಲಿಯಿರಿ. ನಡುವೆ ತೂತಿರುವ ಕಾಸು 1943ರಿಂದ 1947ರ ನಡುವಿನದು, ಯುದ್ಧಕಾಲದಲ್ಲಿ ಲೋಹ ಉಳಿಸಲು ಮಾಡಿದ್ದು. ಕಾಲಾಣೆಯ ಮೇಲೆ ವಿಕ್ಟೋರಿಯಾಳ ಹೆಸರಿನ ಜೊತೆ 'ಕ್ವೀನ್' ಎಂದಿದ್ದರೆ 1876 ಅಥವಾ ಅದಕ್ಕೂ ಹಿಂದಿನದು, 'ಎಂಪ್ರೆಸ್' ಎಂದಿದ್ದರೆ 1877ರಿಂದೀಚಿನದು. ಕಂಪನಿ ಸರ್ಕಾರದ 1835ರ ಕಾಲಾಣೆಯೂ ಅಲ್ಲಲ್ಲಿ ಸಿಗುತ್ತದೆ. ಒಂದು ರೂಪಾಯಿಗೆ 16 ಆಣೆ, ಆಣೆಗೆ 4 ಕಾಲಾಣೆ, ಕಾಲಾಣೆಗೆ 3 ಪೈ, ಒಟ್ಟು 192 ಪೈ. ಈ ಲೆಕ್ಕ ನಿಮ್ಮ ಮುತ್ತಜ್ಜಿಗೆ ಬಾಯಿಪಾಠವಿತ್ತು, ನಿಮಗೆ ಕ್ಯಾಲ್ಕ್ಯುಲೇಟರ್ ಬೇಕು. ಆನೆ ಇರುವ ದಪ್ಪ ತಾಮ್ರದ ಕಾಸು ಟಿಪ್ಪುವಿನದಿರಬಹುದು, ಕನ್ನಡದಲ್ಲಿ 'ಮಯಿಲಿ ಕಾಸು' ಎಂದಿದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರದು. ಇನ್ನೂ ಹಿಂದಕ್ಕೆ ಹೋದರೆ ಇಕ್ಕೇರಿ ವರಹದಲ್ಲಿ ಶಿವ ಪಾರ್ವತಿ ಕೂತಿರುತ್ತಾರೆ. ಹೈದರನೂ ಆ ಚಿತ್ರವನ್ನು ತೆಗೆಯಲಿಲ್ಲ, ಇನ್ನೊಂದು ಬದಿಗೆ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಒತ್ತಿಸಿದ. ಜನ ನಂಬಿದ ನಾಣ್ಯವನ್ನು ಜಾಣ ದೊರೆ ಕೆಡಿಸುವುದಿಲ್ಲ. ಕಂಠೀರವ ನರಸರಾಜ ಒಡೆಯರ ಚಿನ್ನದ ಹಣ ಅರ್ಧ ಗ್ರಾಮೂ ತೂಗುವುದಿಲ್ಲ, ಅದರಲ್ಲೊಬ್ಬ ನರಸಿಂಹ. ಮಣ್ಣಿನ ಹೆಂಟೆಯನ್ನು ಜರಡಿ ಹಿಡಿಯದೆ ಎಸೆದರೆ ಅಂಥದ್ದು ಹೋದದ್ದೇ ಗೊತ್ತಾಗುವುದಿಲ್ಲ. ಹೊಯ್ಸಳರ ಚಿನ್ನದಲ್ಲಿ 'ತಲಕಾಡುಗೊಂಡ' ಎಂದು ಕನ್ನಡದಲ್ಲೇ ಬರೆದಿರುತ್ತದೆ. ಅಂಥದ್ದು ಕಂಡರೆ ನೀವು ಮುಟ್ಟುವ ಕೆಲಸ ಮುಗಿಯಿತು, ಫೋನು ಎತ್ತುವ ಕೆಲಸ ಶುರುವಾಯಿತು.

ಅಗೆಯುವ ಬಗೆ ಹೇಳುತ್ತೇನೆ. ಸದ್ದು ಬಂದ ಜಾಗದ ಫೋಟೊ ತೆಗೆಯಿರಿ. ಹುಲ್ಲಿನ ಹೆಂಟೆಯನ್ನು ಒಂದು ಬದಿ ಕೀಲು ಬಿಟ್ಟಂತೆ ಎತ್ತಿ, ಮಣ್ಣನ್ನು ಗೋಣಿಯ ಮೇಲೆ ಹಾಕಿ, ಸಣ್ಣ ಕರಣೆಯಿಂದ ಬಿಡಿಸಿ. ಪಿಕಾಸಿ ಮನೆಯಲ್ಲೇ ಇರಲಿ. ವಸ್ತು ಕಂಡಾಗ ಸರಕ್ಕನೆ ಕಿತ್ತುಕೊಳ್ಳಬೇಡಿ, ಆತುರಗಾರನಿಗೆ ಬುದ್ಧಿ ಮಟ್ಟ. ಎಷ್ಟು ಆಳ, ಯಾವ ಗೋಡೆಯಿಂದ ಎಷ್ಟು ದೂರ, ಪಕ್ಕದಲ್ಲಿ ಬೂದಿಯಿತ್ತೇ, ಮಡಕೆ ಚೂರಿತ್ತೇ ಎಂದು ಒಂದು ನೋಟ್‌ಬುಕ್ಕಿನಲ್ಲಿ ಅಲ್ಲೇ ಬರೆಯಿರಿ. ಮನೆಗೆ ಹೋಗಿ ಬರೆಯುತ್ತೇನೆ ಎನ್ನುವವರು ಯಾರೂ ಬರೆಯುವುದಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ. ಎಚ್. ಕೃಷ್ಣ ಅವರು, 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಗೆದರಲ್ಲ, ಅಲ್ಲಿ ಸಿಕ್ಕ ರೋಮಿನ ಬೆಳ್ಳಿ ನಾಣ್ಯಕ್ಕೆ ಬೆಲೆ ಬಂದದ್ದು ಬೆಳ್ಳಿಯಿಂದಲ್ಲ. ಅದು ಶಾತವಾಹನರ ನಾಣ್ಯ, ಮಡಕೆಗಳ ಜೊತೆ ಯಾವ ಪದರದಲ್ಲಿತ್ತು ಎಂದು ಬರೆದಿಟ್ಟದ್ದರಿಂದ ಆ ಊರಿನ ಕಾಲ ಗೊತ್ತಾಯಿತು. ಅದೇ ನಾಣ್ಯ ಯಾರದೋ ಜೇಬಿನಲ್ಲಿ ಬಂದಿದ್ದರೆ ಅದಕ್ಕೆ ಬಾಯಿಯೇ ಇರುತ್ತಿರಲಿಲ್ಲ. ಮಡಕೆ ಚೂರನ್ನು ಕಸವೆಂದು ಎಸೆಯಬೇಡಿ, ಇದ್ದಲ್ಲೇ ಬಿಡಿ. ಒಂದೇ ಕಡೆ ಎರಡು ಮೂರು ಹಳೆಯ ನಾಣ್ಯ ಕಂಡರೆ, ಗಡಿಗೆಯ ಕಂಠ ಕಂಡರೆ, ಅಕ್ಷರದ ಕಲ್ಲು, ಮೂಳೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಬಟ್ಟೆ ಮುಚ್ಚಿ, ಒಬ್ಬರನ್ನು ಕಾವಲು ಬಿಟ್ಟು, ತಹಶೀಲ್ದಾರರಿಗೂ ಪೊಲೀಸರಿಗೂ ತಿಳಿಸಿ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲಿನ ಕೆಲಸಕ್ಕೆ ಮಣ್ಣು ತೆಗೆಯುವಾಗ ಸಿಕ್ಕ 163 ರೋಮನ್ ಬೆಳ್ಳಿ ನಾಣ್ಯಗಳ ಸಂಗತಿ ಇವತ್ತಿಗೂ ಓದಲು ಸಿಗುವುದು, ಆವತ್ತು ಅದು ಲೆಕ್ಕಕ್ಕೆ ಸೇರಿದ್ದರಿಂದ.

ಈಗ ನನಗೆ ನಿಜವಾಗಿ ಭಯ ಹುಟ್ಟಿಸುವ ವಿಷಯ. ಹಗೇವು. ನಮ್ಮ ಬಯಲುಸೀಮೆಯ ಕಡೆ ರಾಗಿ, ಜೋಳ ತುಂಬಲು ನೆಲದಲ್ಲಿ ತೋಡಿದ ಗುಂಡಿ. ಬಾಯಿ ಚಿಕ್ಕದು, ಒಳಗೆ ಆಳು ನಿಲ್ಲುವಷ್ಟು ಆಳ. ಮನೆ ಬಿದ್ದ ಮೇಲೆ ಮುಚ್ಚಿದ ಕಲ್ಲಿನ ಮೇಲೆ ಹುಲ್ಲು ಬೆಳೆದು ಗೊತ್ತೇ ಆಗುವುದಿಲ್ಲ, ಕಾಲಿಟ್ಟರೆ ಕುಸಿಯುತ್ತದೆ. ಕುಸಿಯದಿದ್ದರೂ ಯಂತ್ರ ಅದರ ಮೇಲೆ ಸದ್ದು ಮಾಡಿದರೆ ಇಳಿದು ನೋಡುವ ಹುಚ್ಚು ನಿಮಗೆ ಬರುತ್ತದೆ. ಇಳಿಯಬೇಡಿ. ಮುಚ್ಚಿದ ಹಗೇವಿನಲ್ಲಿ ಉಳಿದ ಕಾಳು ಕೊಳೆತು ಉಸಿರಿಗೆ ಬೇಕಾದ ಗಾಳಿ ಮುಗಿದು ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಂತಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವನಿಗೆ ಎರಡು ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ಅವನನ್ನು ಎತ್ತಲು ಇಳಿದ ತಮ್ಮನೂ ಅಲ್ಲೇ ಉಳಿಯುತ್ತಾನೆ. ದೀಪ ಇಳಿಸಿ ನೋಡುತ್ತೇವೆ, ಆರದಿದ್ದರೆ ಇಳಿಯುತ್ತೇವೆ ಎಂಬ ಹಳೆಯ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಯಾರಾದರೂ ಬಿದ್ದರೆ ಹಿಂದೆಯೇ ಇಳಿಯದೆ 112ಕ್ಕೆ ಕರೆ ಮಾಡಿ. ಹಾಳು ಬಾವಿಗೂ ಇದೇ ಮಾತು. ಮಳೆ ಬಂದ ಮರುದಿನ ಮಣ್ಣಿನ ಗೋಡೆಯ ಬುಡದಲ್ಲಿ ಕೂರಬೇಡಿ. ಕಲ್ಲಿನ ಸಂದಿಗೆ, ಹುತ್ತದ ಬಾಯಿಗೆ ಬರಿಗೈ ಹಾಕಬೇಡಿ, ಕೊಳಕುಮಂಡಲ ನಿಮಗೆ ಹೇಳಿ ಕಚ್ಚುವುದಿಲ್ಲ. ಕಚ್ಚಿದರೆ ಬ್ಲೇಡು, ಬಿಗಿ ಕಟ್ಟು, ನಾಟಿ ಮದ್ದು ಎಂದು ಹೊತ್ತು ಕಳೆಯದೆ, ನಡೆಯಲು ಬಿಡದೆ, ನೇರವಾಗಿ ಕಡೂರಿನ ಇಲ್ಲವೆ ಚಿಕ್ಕಮಗಳೂರಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.

ಸಿಕ್ಕ ತಾಮ್ರದ ಕಾಸನ್ನು ಹುಣಸೆಹಣ್ಣು ಬೂದಿ ಹಾಕಿ ತಿಕ್ಕುವ ಕೈಗಳಿಗೆ ಒಂದು ಏಟು ಕೊಡಬೇಕು ಎನಿಸುತ್ತದೆ. ಅದೇನು ದೇವರ ಮನೆಯ ಪಂಚಪಾತ್ರೆಯೇ? ಮೇಲಿನ ಗಟ್ಟಿ ಹಸಿರು, ಕಂದು ಪೊರೆ ಅದರ ಚರ್ಮ, ಅಕ್ಷರ ಉಳಿದಿರುವುದೇ ಅದರಲ್ಲಿ. ಶುದ್ಧ ನೀರಿನಲ್ಲಿ ನೆನೆಸಿ ಮಣ್ಣು ಬಿಡಿಸಿ, ನೆರಳಲ್ಲಿ ಒಣಗಿಸಿ, ಕಾಗದದ ಲಕೋಟೆಯಲ್ಲಿಟ್ಟು ಮೇಲೆ ಜಾಗ, ತಾರೀಖು ಬರೆಯಿರಿ. ಅಗ್ಗದ ಪ್ಲಾಸ್ಟಿಕ್ ಪೊಟ್ಟಣ ಬೇಡ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ತಾಮ್ರಕ್ಕೆ ಹಿಡಿದ ರೋಗ, ಬೇರೆ ನಾಣ್ಯಗಳಿಂದ ದೂರವಿಟ್ಟು ತಿಳಿದವರಿಗೆ ತೋರಿಸಿ.

ಮಾರಿ ಶ್ರೀಮಂತರಾಗುವ ಕನಸಿದ್ದರೆ ಈಗಲೇ ಬಿಡಿ. ಸವೆದ ವಿಕ್ಟೋರಿಯಾ ಕಾಲಾಣೆಗೆ ನೂರು ರೂಪಾಯಿ ಹುಟ್ಟಿದರೆ ಹೆಚ್ಚು. "ನಿಮ್ಮ ಹಳೆ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ" ಎಂದು ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಕರೆ ಬರುತ್ತದೆ. ಹಳೆ ನಾಣ್ಯ, ನೋಟುಗಳ ವ್ಯವಹಾರಕ್ಕೆ ತಾನು ಯಾರಿಂದಲೂ ಶುಲ್ಕ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ. ಇದರ ಅಣ್ಣನಂಥ ಇನ್ನೊಂದು ಮೋಸವಿದೆ. ಮನೆ ಪಾಯ ತೆಗೆಯುವಾಗ ಚಿನ್ನದ ನಾಣ್ಯದ ಬಿಂದಿಗೆ ಸಿಕ್ಕಿದೆ, ಅರ್ಧ ಬೆಲೆಗೆ ಕೊಡುತ್ತೇವೆ ಎನ್ನುತ್ತಾರೆ. ಮೊದಲು ಒಂದೆರಡು ಅಸಲಿ ಕೊಟ್ಟು, ಹಣದ ಚೀಲ ತಂದ ದಿನ ಹಿತ್ತಾಳೆ ಕೈಗೆ ಹಾಕಿ ಮಾಯವಾಗುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಪೊಲೀಸರಿಗೆ ದೂರು ಕೊಡಲೂ ಆಗದಂತೆ ನಿಮ್ಮ ಬಾಯಿಯನ್ನು ನಿಮ್ಮ ಆಸೆಯೇ ಕಟ್ಟಿರುತ್ತದೆ. ನಿಂಬೆಹಣ್ಣು, ಕುಂಕುಮ, ಅಮಾವಾಸ್ಯೆ ಎಂದು ಶುರುಮಾಡುವ ಸ್ವಾಮಿಗಳು ಬಂದರೆ ಮಾತ್ರ ಕಾಫಿಯನ್ನೂ ಕೊಡಬೇಡಿ.

ಸಂಜೆ ಮನೆಗೆ ಹೊರಡುವ ಮೊದಲು ತೆಗೆದ ಗುಂಡಿಗಳನ್ನೆಲ್ಲ ಮುಚ್ಚಿ ತುಳಿದು ಬನ್ನಿ, ಮೇಯಲು ಬಂದ ದನ ಕಾಲು ಮುರಿದುಕೊಳ್ಳಬಾರದು. ತುಕ್ಕು ಮೊಳೆ, ಗಾಜು, ಬಾಟಲಿ ಮುಚ್ಚಳಗಳನ್ನು ಅಲ್ಲೇ ಬಿಸಾಡದೆ ಚೀಲಕ್ಕೆ ತುಂಬಿ ಗುಜರಿಗೆ ಹಾಕಿ. ತಿಳಿಸಬೇಕಾದದ್ದು ಸಿಕ್ಕಿದ್ದರೆ ಕಡೂರಿನ ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಬರೆಯಿರಿ. ಏನು, ಎಷ್ಟು, ಎಲ್ಲಿ, ಯಾವ ದಿನ ಎಂದು ಬಿಡಿಸಿ ಬರೆದು, ಎರಡೂ ಮುಖದ ಫೋಟೊ ಲಗತ್ತಿಸಿ, ಜೊತೆಗಿದ್ದ ಹಿರಿಯರ ಸಹಿ ಹಾಕಿಸಿ. "ಇಟ್ಟು ಹೋಗಿ, ಆಮೇಲೆ ನೋಡೋಣ" ಎಂದರೆ ನಗುತ್ತಲೇ ಬೆಂಚಿನ ಮೇಲೆ ಕೂತುಕೊಳ್ಳಿ. ಅರ್ಜಿಯ ನಕಲಿನ ಮೇಲೆ ಸೀಲು, ತಾರೀಖು, ಸಹಿ ಬೀಳದೆ ವಸ್ತುವನ್ನು ಕೈಬಿಡಬೇಡಿ. ಆ ನಕಲನ್ನು ಎರಡು ಝೆರಾಕ್ಸ್ ಮಾಡಿಸಿ, ಒಂದನ್ನು ಊರಿನ ಮನೆಯಲ್ಲೇ ಬಿಡಿ.